ಪಾಕೆಟ್ ಕಾಸ್ಟ್ಸ್: ಮೂರು ಒಡೆತನ ಕಂಡ ಪಾಡ್‌ಕಾಸ್ಟ್ ಆ್ಯಪ್‌ನ ವಿಮರ್ಶೆ

ಪಾಡ್‌ಕಾಸ್ಟ್ ಕೇಳಲು ಪಾಕೆಟ್ ಕಾಸ್ಟ್ಸ್ ಒಳ್ಳೆಯ ಆ್ಯಪ್. ಇಷ್ಟು ಹೇಳಿ ಮುಗಿಸುವ ವಿಮರ್ಶೆಗಳು ಬೇಕಾದಷ್ಟಿವೆ. ಆದರೆ ನಾವು ಏನನ್ನು ಕೇಳುತ್ತೇವೆ, ಯಾವ ಸಂಚಿಕೆಯನ್ನು ಎಷ್ಟನೇ ನಿಮಿಷಕ್ಕೆ ನಿಲ್ಲಿಸಿದ್ದೇವೆ ಎಂಬುದನ್ನೆಲ್ಲ ವರ್ಷಗಟ್ಟಲೆ ಒಂದು ಆ್ಯಪ್‌ಗೆ ಒಪ್ಪಿಸುವಾಗ, ಅದರ ಗುಂಡಿಗಳು ಎಲ್ಲಿವೆ ಎನ್ನುವುದಕ್ಕಿಂತ ಅದು ಯಾರ ಕೈಯಲ್ಲಿದೆ, ನಾಳೆ ಯಾರ ಕೈಗೆ ಹೋಗಬಹುದು, ಹಾಗೆ ಹೋದ ದಿನ ನಮ್ಮ ಬಳಿ ಏನು ಉಳಿಯುತ್ತದೆ ಎನ್ನುವುದನ್ನು ಹೆಚ್ಚು ಯೋಚಿಸಬೇಕಾಗುತ್ತದೆ. ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಲು ಪಾಕೆಟ್ ಕಾಸ್ಟ್ಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಸ್ಟ್ರೇಲಿಯಾದ ಒಂದು ಪುಟ್ಟ ಕಂಪನಿಯಲ್ಲಿ ಹುಟ್ಟಿದ ಈ ಆ್ಯಪ್ 2018ರಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೊ ಸಂಸ್ಥೆಗಳ ಪಾಲಾಯಿತು. 2021ರಲ್ಲಿ ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶಕ್ಕೆ ಹೆಸರಾದ ಆಟೊಮ್ಯಾಟಿಕ್ ಕಂಪನಿ ಅದನ್ನು ಕೊಂಡುಕೊಂಡಿತು. 2022ರಲ್ಲಿ ಅದರ ಮೊಬೈಲ್ ಆ್ಯಪ್‌ಗಳ ಕೋಡ್ ಮುಕ್ತವಾಯಿತು (ಓಪನ್ ಸೋರ್ಸ್), ಅಂದರೆ ಯಾರು ಬೇಕಾದರೂ ಅದನ್ನು ಓದಿ, ತಿದ್ದಿ, ಬಳಸುವಂತಾಯಿತು. ಎರಡು ಸಲವೂ ಕೊಂಡವರು ಲಾಭವೊಂದೇ ತಮ್ಮ ಗುರಿಯಲ್ಲ ಎಂದು ಹೇಳಿಕೊಂಡವರೇ. ಆ ಎರಡು ಖರೀದಿಗಳಿಂದ ಕೇಳುಗರಿಗೆ ಸಿಕ್ಕಿದ್ದರಲ್ಲಿ ಮಾತ್ರ ಬಹಳ ಅಂತರವಿದೆ.

ಮೊದಲು ಆ್ಯಪ್‌ನ ವಿಷಯ. ಆಂಡ್ರಾಯ್ಡ್, ಐಫೋನ್, ಬ್ರೌಸರ್, ವಿಂಡೋಸ್ ಮತ್ತು ಮ್ಯಾಕ್ ಎಲ್ಲದರಲ್ಲೂ ಇದು ಸಿಗುತ್ತದೆ, ಖಾತೆ ತೆರೆದರೆ ಒಂದರಲ್ಲಿ ನಿಲ್ಲಿಸಿದ ಸಂಚಿಕೆ ಇನ್ನೊಂದರಲ್ಲಿ ಅದೇ ಜಾಗದಿಂದ ಮುಂದುವರಿಯುತ್ತದೆ. ಇದರ ನಿಜವಾದ ಶಕ್ತಿ ಇರುವುದು 'ಅಪ್ ನೆಕ್ಸ್ಟ್' ಎಂಬ ಸರದಿಯಲ್ಲಿ. ಬೇರೆ ಬೇರೆ ಕಾರ್ಯಕ್ರಮಗಳ ಸಂಚಿಕೆಗಳನ್ನು ನಮಗೆ ಬೇಕಾದ ಕ್ರಮದಲ್ಲಿ ಜೋಡಿಸಿಟ್ಟರೆ ಅದೇ ಕ್ರಮದಲ್ಲಿ ಹಾಡಿಕೊಂಡು ಹೋಗುತ್ತದೆ. ನಡುವೆ ತನಗೆ ತೋಚಿದ್ದನ್ನು ತುರುಕುವುದಿಲ್ಲ. ವೇಗ ಹೆಚ್ಚಿಸುವುದು, ಮೆಲುದನಿಯ ಧ್ವನಿಮುದ್ರಣಗಳಲ್ಲಿ ಮಾತನ್ನು ಎತ್ತಿ ಕೇಳಿಸುವುದು, ಮಾತಿನ ನಡುವಿನ ಮೌನವನ್ನು ಕತ್ತರಿಸುವುದು ಈ ಮೂರೂ ಉಚಿತ ಆವೃತ್ತಿಯಲ್ಲೇ ಇವೆ. ಒಂದೊಂದು ಕಾರ್ಯಕ್ರಮಕ್ಕೂ ಇವನ್ನು ಬೇರೆ ಬೇರೆಯಾಗಿ ಹೊಂದಿಸಿಡಬಹುದು ಎನ್ನುವುದು ಸಣ್ಣ ಸಂಗತಿಯಂತೆ ಕಂಡರೂ ಕನ್ನಡದ ಕೇಳುಗರಿಗೆ ತುಂಬಾ ಬೇಕಾದದ್ದು. ಸ್ಟುಡಿಯೊದಲ್ಲಿ ಕೂತು ಇಬ್ಬರು ಹರಟುವ ಕಾರ್ಯಕ್ರಮದಲ್ಲಿ ಮೌನವನ್ನು ಕತ್ತರಿಸಿದರೆ ನಷ್ಟವೇನೂ ಇಲ್ಲ, ಸಮಯ ಉಳಿಯುತ್ತದೆ. ಅದೇ ಸೌಲಭ್ಯವನ್ನು ತಾಳಮದ್ದಳೆಯ ಧ್ವನಿಮುದ್ರಣಕ್ಕೆ ಹಚ್ಚಿದರೆ ಅರ್ಥಧಾರಿ ಎದುರಾಳಿಗೆ ಪ್ರಶ್ನೆ ಎಸೆದು ಉತ್ತರಕ್ಕೆ ಕಾಯುವ ಆ ಎರಡು ಕ್ಷಣಗಳೇ ಮಾಯವಾಗುತ್ತವೆ. ಸವಾಲಿಗೆ ಜವಾಬು ತಕ್ಷಣ ಬಂದು ಬಿದ್ದು, ಪ್ರಸಂಗದ ಬಿಸಿಯೇ ಆರಿದಂತಾಗುತ್ತದೆ. ಆದ್ದರಿಂದ ಹರಟೆಗೆ ಅದನ್ನು ಚಾಲೂ ಮಾಡಿ, ತಾಳಮದ್ದಳೆಗೂ ಕಥೆ ಓದುವ ಕಾರ್ಯಕ್ರಮಗಳಿಗೂ ನಿಲ್ಲಿಸಿಡುವ ಅವಕಾಶವಿರುವುದು ದೊಡ್ಡ ಅನುಕೂಲ.

ಆ್ಯಪ್‌ನ ಗುಂಡಿ, ಸೂಚನೆಗಳು ಕನ್ನಡದಲ್ಲಿಲ್ಲ. ಕಾರ್ಯಕ್ರಮಗಳ ಹೆಸರು, ವಿವರಣೆಗಳು ಕನ್ನಡ ಲಿಪಿಯಲ್ಲಿದ್ದರೆ ಅವು ಸರಿಯಾಗಿಯೇ ಕಾಣುತ್ತವೆ. ವರ್ಡ್‌ಪ್ರೆಸ್ ತಂತ್ರಾಂಶವನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಅದಕ್ಕೆ ಹೆಸರಾದ ಕಂಪನಿಯ ಈ ಆ್ಯಪ್‌ಗೂ ಅಂಥ ಕೆಲಸ ಆಗಲೆಂದು ನಾನು ಮನಸಾರೆ ಬಯಸುತ್ತೇನೆ.

'ಪ್ಲಸ್' ಚಂದಾ ಕೊಟ್ಟವರಿಗೆ ಕಾರ್ಯಕ್ರಮಗಳನ್ನು ಫೋಲ್ಡರ್‌ಗಳಲ್ಲಿ ಜೋಡಿಸುವುದು, ಸಂಚಿಕೆಯ ನಡುವೆ ಗುರುತು ಹಾಕಿಕೊಳ್ಳುವುದು, ಸ್ವಂತ ಧ್ವನಿಕಡತಗಳನ್ನು ಅವರ ಸರ್ವರ್‌ಗೆ ಏರಿಸಿ ಪಾಡ್‌ಕಾಸ್ಟ್‌ನಂತೆಯೇ ಕೇಳುವುದು ಮುಂತಾದ ಸೌಲಭ್ಯಗಳು ಸಿಗುತ್ತವೆ. ಕೊನೆಯದಂತೂ ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಯಕ್ಷಗಾನ, ಹರಿಕಥೆ, ಭಾಷಣಗಳನ್ನು ಜೋಪಾನ ಮಾಡಿಕೊಂಡವರಿಗೆ ಉಪಯೋಗಕ್ಕೆ ಬರುತ್ತದೆ. ಉಳಿದವರಿಗೆ ಉಚಿತ ಆವೃತ್ತಿ ಸಾಕು.

ಇನ್ನು ಒಡೆತನದ ಕಥೆ. ಅಡಿಲೇಡ್ ನಗರದ ಶಿಫ್ಟಿ ಜೆಲ್ಲಿ ಎಂಬ ಕಂಪನಿಯಲ್ಲಿ ರಸೆಲ್ ಇವಾನೊವಿಚ್ ಮತ್ತು ಫಿಲಿಪ್ ಸಿಂಪ್ಸನ್ ಇದನ್ನು ಕಟ್ಟಿದರು. ಆಗ ಇದು ಒಮ್ಮೆ ಹಣ ಕೊಟ್ಟು ಕೊಂಡುಕೊಳ್ಳುವ ಆ್ಯಪ್. ಬ್ರೌಸರ್‌ನಲ್ಲಿ ಕೇಳಬೇಕೆಂದರೆ ಅದಕ್ಕೆ ಪ್ರತ್ಯೇಕವಾಗಿ ಒಂದು ಸಲ ಹಣ ಕೊಡಬೇಕಾಗಿತ್ತು. ಮಾಡಿದವರಿಗೆ ದುಡ್ಡು, ಕೊಂಡವರಿಗೆ ಸರಕು, ನಡುವೆ ಇನ್ನೊಬ್ಬರಿಲ್ಲ. 2018ರ ಮೇ ತಿಂಗಳಲ್ಲಿ ಎನ್‌ಪಿಆರ್, ನ್ಯೂಯಾರ್ಕ್‌ನ ಡಬ್ಲ್ಯುಎನ್‌ವೈಸಿ ಸ್ಟುಡಿಯೋಸ್, ಶಿಕಾಗೊದ ಡಬ್ಲ್ಯುಬಿಇಝಡ್ ಮತ್ತು 'ದಿಸ್ ಅಮೆರಿಕನ್ ಲೈಫ್' ತಂಡ ಸೇರಿ ಇದನ್ನು ಕೊಂಡುಕೊಂಡವು. ಮುಂದೆ ಬಿಬಿಸಿ ಸ್ಟುಡಿಯೋಸ್ ಕೂಡ ಪಾಲುದಾರನಾಯಿತು. ಇವರೆಲ್ಲ ಕೇಳುಗರ ದೇಣಿಗೆಯಿಂದಲೋ ಸಾರ್ವಜನಿಕ ಹಿತದ ಹೆಸರಿನಿಂದಲೋ ನಡೆಯುವ ಬಾನುಲಿಯ ಮಂದಿ. ಪಾಡ್‌ಕಾಸ್ಟ್‌ಗೆ ಹೋಗುವ ದಾರಿಯನ್ನು ಒಂದೆರಡು ದೊಡ್ಡ ಕಂಪನಿಗಳೇ ಹಿಡಿದುಕೊಳ್ಳಬಾರದು, ಕಾರ್ಯಕ್ರಮ ಮಾಡುವವರ ಕೈಯಲ್ಲೂ ಒಂದು ಕೇಳುವ ಆ್ಯಪ್ ಇರಬೇಕು ಎಂಬ ಅವರ ವಿಚಾರ ಸರಿಯಾಗಿಯೇ ಇತ್ತು ಎಂದು ಈಗಲೂ ನನಗನ್ನಿಸುತ್ತದೆ.

ವಿಚಾರ ಸರಿಯಿದ್ದರೂ ಅದನ್ನು ಉಳಿಸುವ ವ್ಯವಸ್ಥೆಯನ್ನು ಅವರು ಮಾಡಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಆ್ಯಪ್ ಉಚಿತವಾಯಿತು, ಜೊತೆಗೆ ವರ್ಷಕ್ಕೆ 9.99 ಡಾಲರ್‌ನ 'ಪ್ಲಸ್' ಚಂದಾ ಬಂತು. ಬ್ರೌಸರ್ ಆವೃತ್ತಿಗೆ ಅದಾಗಲೇ ಹಣ ಕೊಟ್ಟಿದ್ದವರಿಗೆ ಮೊದಲು ಮೂರು ವರ್ಷಗಳ ಚಂದಾ ಮಾತ್ರ ಉಚಿತವೆಂದು ಹೇಳಿದರು. ಒಮ್ಮೆ ಕೊಂಡದ್ದಕ್ಕೆ ಅವಧಿ ಕಟ್ಟಿದ್ದನ್ನು ಕಂಡು ಹಳೆಯ ಬಳಕೆದಾರರು ಸಿಟ್ಟಾದ ಮೇಲೆ ಅದನ್ನು ಆಜೀವ ಮಾಡಿದರು. ಆಜೀವ ಮಾಡಿದ್ದು ಮೆಚ್ಚಬೇಕಾದ ನಡೆಯೇ. ಆದರೆ ಕೊಂಡ ಕರಾರನ್ನು ಹೊಸ ಒಡೆಯರು ಒಂದು ಪ್ರಕಟಣೆಯಿಂದ ಬದಲಾಯಿಸಬಲ್ಲರು, ಇನ್ನೊಂದು ಪ್ರಕಟಣೆಯಿಂದ ಸರಿಪಡಿಸಬಲ್ಲರು, ಎರಡರಲ್ಲೂ ಬಳಕೆದಾರರಿಗೆ ಇರುವುದು ಗಲಾಟೆ ಮಾಡುವ ಹಕ್ಕು ಮಾತ್ರ ಎಂಬುದು ಅಲ್ಲಿ ಸ್ಪಷ್ಟವಾಯಿತು. 2020ರ ಹಣಕಾಸು ವರ್ಷದಲ್ಲಿ ಎನ್‌ಪಿಆರ್ ಒಂದರ ಪಾಲಿಗೇ ಇದರಿಂದ 8 ಲಕ್ಷ ಡಾಲರ್‌ಗೂ ಮೀರಿದ ನಷ್ಟ ಬಂತು. 2021ರ ಜನವರಿಯ ಹೊತ್ತಿಗೆ ಆ್ಯಪ್ ಮಾರಾಟಕ್ಕಿದೆ ಎಂಬ ಸುದ್ದಿ ಹೊರಬಿತ್ತು.

ಆ ಒಡೆತನದ ಕಾಲದಲ್ಲಿ ಆ್ಯಪ್ ನಡೆದುಕೊಂಡ ಒಂದು ರೀತಿಯನ್ನು ಇಲ್ಲಿ ಹೇಳಲೇಬೇಕು. 2020ರ ಜೂನ್‌ನಲ್ಲಿ ಚೀನಾದ ಅಂತರ್ಜಾಲ ನಿಯಂತ್ರಣ ಸಂಸ್ಥೆಯ ಒತ್ತಾಯದ ಮೇರೆಗೆ ಆ್ಯಪಲ್ ತನ್ನ ಚೀನಾ ಮಳಿಗೆಯಿಂದ ಪಾಕೆಟ್ ಕಾಸ್ಟ್ಸ್ ಅನ್ನು ತೆಗೆದುಹಾಕಿತು. ಪಾಡ್‌ಕಾಸ್ಟ್ ಎನ್ನುವುದು ಮುಕ್ತ ಮಾಧ್ಯಮ, ಅದರಲ್ಲಿ ಕತ್ತರಿ ಆಡಿಸಲು ಒಪ್ಪುವುದಿಲ್ಲ ಎಂದು ತಂಡ ನಿಲುವು ತಳೆಯಿತು, ದೊಡ್ಡ ಮಾರುಕಟ್ಟೆಯೊಂದನ್ನು ಕಳೆದುಕೊಂಡಿತು. ಧ್ಯೇಯದ ಮಾತು ಆಡುವವರನ್ನು ಅಳೆಯುವುದು ಇಂಥ ಕಡೆ. ಅಂದು ಅವರು ಗೆದ್ದರು ಎಂದೇ ನನ್ನ ಎಣಿಕೆ.

2021ರ ಜುಲೈನಲ್ಲಿ ಆಟೊಮ್ಯಾಟಿಕ್ ಇದನ್ನು ಕೊಂಡುಕೊಂಡಿತು. ಇಬ್ಬರು ಸ್ಥಾಪಕರೂ ಅಲ್ಲಿಯೇ ಮುಂದುವರಿದು ಆ್ಯಪ್ ಅನ್ನು ನಡೆಸುವುದೆಂದು ನಿರ್ಧಾರವಾಯಿತು. ಮ್ಯಾಟ್ ಮುಲ್ಲೆನ್‌ವೆಗ್ 2005ರಲ್ಲಿ ಸ್ಥಾಪಿಸಿದ ಈ ಕಂಪನಿ ಪ್ರಕಾಶನವನ್ನು ಎಲ್ಲರ ಕೈಗೆ ತಲುಪಿಸುವುದು ತನ್ನ ಧ್ಯೇಯ ಎಂದು ಸಾರುತ್ತದೆ. ಓಪನ್ ಸೋರ್ಸ್ ನಮ್ಮ ತಲೆಮಾರಿನ ಅತಿ ಶಕ್ತಿಶಾಲಿ ವಿಚಾರಗಳಲ್ಲಿ ಒಂದು ಎಂಬ ನಂಬಿಕೆಯನ್ನು ತನ್ನ ನೌಕರರ ಸಂಕಲ್ಪದ ಸಾಲುಗಳಲ್ಲೇ ಬರೆದಿಟ್ಟಿದೆ. ಇಂಥ ಮಾತುಗಳನ್ನು ಓದಿ ಖುಷಿಪಡುವುದು ಸುಲಭ. ಪಾಕೆಟ್ ಕಾಸ್ಟ್ಸ್ ವಿಷಯದಲ್ಲಿ ಮಾತು ಕೆಲಸವಾಗಲು ಒಂದು ವರ್ಷದ ಮೇಲೆ ಸ್ವಲ್ಪ ಕಾಲ ಹಿಡಿಯಿತು, ಆದರೆ ಆಯಿತು. 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಮತ್ತು ಐಫೋನ್ ಆ್ಯಪ್‌ಗಳೆರಡರ ಕೋಡ್, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್‌ನ 2.0 ಆವೃತ್ತಿಯ ಅಡಿ ಪ್ರಕಟವಾಯಿತು.

ಈ ಲೈಸೆನ್ಸ್ ಆಯ್ಕೆ ವಿವೇಕದ್ದು, ಅದಕ್ಕೆ ಕಾರಣವನ್ನೂ ಹೇಳಬೇಕು. ವರ್ಡ್‌ಪ್ರೆಸ್ ಜಿಪಿಎಲ್ ಎಂಬ ಇನ್ನೊಂದು ಮುಕ್ತ ಲೈಸೆನ್ಸ್‌ನ ಅಡಿ ಇರುವುದರಿಂದ ಅದನ್ನೇ ಇಲ್ಲಿಗೂ ತರಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಜಿಪಿಎಲ್‌ನ ಷರತ್ತುಗಳಿಗೂ ಆ್ಯಪಲ್ ಮಳಿಗೆಯ ಷರತ್ತುಗಳಿಗೂ ಹೊಂದಾಣಿಕೆಯಿಲ್ಲ ಎಂಬ ತಕರಾರು ಹಳೆಯದು. ವಿಎಲ್‌ಸಿ ಪ್ಲೇಯರ್ 2011ರ ಜನವರಿಯಲ್ಲಿ ಅದೇ ಕಾರಣಕ್ಕೆ ಆ ಮಳಿಗೆಯಿಂದ ಹೊರಬಿದ್ದಿತ್ತು, 2013ರಲ್ಲಿ ಮೊಜಿಲ್ಲಾ ಲೈಸೆನ್ಸ್ ಅನ್ನೂ ಸೇರಿಸಿಕೊಂಡೇ ಮರಳಿ ಬಂತು. ಮೊಜಿಲ್ಲಾ ಲೈಸೆನ್ಸ್ ಕಡತದ ಮಟ್ಟದಲ್ಲಿ ಕೆಲಸ ಮಾಡುತ್ತದೆ: ಅದರ ಅಡಿ ಇರುವ ಒಂದು ಕಡತವನ್ನು ನೀವು ತಿದ್ದಿ ಬೇರೆಯವರಿಗೆ ಹಂಚಿದರೆ ಆ ತಿದ್ದಿದ ಕಡತದ ಕೋಡ್ ಕೊಡಬೇಕು, ಅದರ ಪಕ್ಕದಲ್ಲಿ ನೀವೇ ಹೊಸದಾಗಿ ಬರೆದ ಕಡತಗಳನ್ನು ಮುಚ್ಚಿಟ್ಟುಕೊಂಡರೂ ಅಡ್ಡಿಯಿಲ್ಲ. ಎರಡೂ ಮಳಿಗೆಗಳಲ್ಲಿ ಸಲೀಸಾಗಿ ಇರಬೇಕಾದ ಆ್ಯಪ್‌ಗೆ ಇದು ಸರಿಹೊಂದುತ್ತದೆ. ಇದಕ್ಕಿಂತಲೂ ದೊಡ್ಡ ಮಾತೆಂದರೆ, ಒಮ್ಮೆ ಹೀಗೆ ಹೊರಬಿಟ್ಟ ಆವೃತ್ತಿಯನ್ನು ಯಾವ ಒಡೆಯನೂ ವಾಪಸ್ ಪಡೆಯಲಾರ. ಮುಂದಿನ ಆವೃತ್ತಿಯ ಹೊಸ ಭಾಗಗಳನ್ನು ಮುಚ್ಚಬಹುದು, ಹೆಸರು ಮತ್ತು ಲಾಂಛನದ ಹಕ್ಕನ್ನು ಬಿಗಿಹಿಡಿಯಬಹುದು. ಇವತ್ತು ತೆರೆದಿರುವ ಕೋಡ್ ಮಾತ್ರ ಕೊಟ್ಟಾಯಿತು. ಸಾರ್ವಜನಿಕ ರೇಡಿಯೊದವರು ತಮ್ಮ ಮೂರು ವರ್ಷಗಳಲ್ಲಿ ಇಂಥದ್ದೊಂದನ್ನೂ ಬಿಟ್ಟುಹೋಗಲಿಲ್ಲ.

ಹಾಗಾದರೆ ಪಾಕೆಟ್ ಕಾಸ್ಟ್ಸ್ ಪೂರ್ತಿ ಮುಕ್ತವೇ? ಇಲ್ಲ. ತೆರೆದಿರುವುದು ನಮ್ಮ ಫೋನಿನಲ್ಲಿ ಓಡುವ ಭಾಗ. ಕಾರ್ಯಕ್ರಮಗಳನ್ನು ಹುಡುಕಿ ಕೊಡುವ, ಹೊಸ ಸಂಚಿಕೆ ಬಂದಿದೆಯೇ ಎಂದು ನೋಡಿ ತಿಳಿಸುವ, ನಾವು ಎಲ್ಲಿ ನಿಲ್ಲಿಸಿದ್ದೇವೆ ಎಂಬುದನ್ನು ಒಂದು ಸಾಧನದಿಂದ ಇನ್ನೊಂದಕ್ಕೆ ಒಯ್ಯುವ ಸರ್ವರ್ ಆಟೊಮ್ಯಾಟಿಕ್ ಹತ್ತಿರವೇ ಇದೆ, ಅದರ ಕೋಡ್ ಹೊರಬಂದಿಲ್ಲ. ಯಾರಾದರೂ ಈ ಕೋಡ್ ತೆಗೆದುಕೊಂಡು ಬೇರೆ ಹೆಸರಿನಲ್ಲಿ ಆ್ಯಪ್ ಕಟ್ಟಿದರೂ ಈ ಕೆಲಸಗಳನ್ನೆಲ್ಲ ಮಾಡುವ ಸರ್ವರ್ ಒಂದನ್ನು ತಾವೇ ಬರೆಯಬೇಕು. ಈ ಕೊರತೆಯನ್ನು ಸಣ್ಣದೆಂದು ನಾನು ಒಪ್ಪುವುದಿಲ್ಲ, ಏಕೆಂದರೆ ಸರ್ವರ್ ಒಬ್ಬರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಇದೇ ಕಂಪನಿಯ ಸುತ್ತಲೇ 2024ರಲ್ಲಿ ಜಗತ್ತು ನೋಡಿತು. ವರ್ಡ್‌ಪ್ರೆಸ್ ಕೋಡ್ ಸಂಪೂರ್ಣ ಮುಕ್ತ. ಆದರೆ ಜಗತ್ತಿನ ಲಕ್ಷಾಂತರ ಜಾಲತಾಣಗಳು ಹೆಚ್ಚುವರಿ ಸೌಲಭ್ಯ ಸೇರಿಸುವ ಪ್ಲಗಿನ್‌ಗಳನ್ನೂ ಪರಿಷ್ಕರಣೆಗಳನ್ನೂ ಪಡೆಯುವುದು ವರ್ಡ್‌ಪ್ರೆಸ್ ಡಾಟ್ ಆರ್ಗ್ ಎಂಬ ಒಂದೇ ತಾಣದಿಂದ, ಅದರ ನಿಯಂತ್ರಣ ಇದ್ದದ್ದು ಮುಲ್ಲೆನ್‌ವೆಗ್ ಅವರಲ್ಲಿ. ವರ್ಡ್‌ಪ್ರೆಸ್ ಜಾಲತಾಣಗಳಿಗೆ ಸರ್ವರ್ ಒದಗಿಸುವ ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯೊಂದಿಗೆ ಟ್ರೇಡ್‌ಮಾರ್ಕ್ ಮತ್ತು ಕೊಡುಗೆಯ ವಿಷಯದಲ್ಲಿ ಜಗಳ ಹುಟ್ಟಿ, ಆ ಕಂಪನಿ ತನ್ನ ಆದಾಯದ ಶೇ 8ರಷ್ಟನ್ನು ಕೊಡಬೇಕೆಂಬ ಬೇಡಿಕೆಯವರೆಗೆ ಹೋಗಿ, ಸೆಪ್ಟೆಂಬರ್ ಕೊನೆಯ ವಾರದಲ್ಲಿ ಅದಕ್ಕೆ ಆ ತಾಣದ ಬಾಗಿಲು ಮುಚ್ಚಿತು. ಜಗಳದಲ್ಲಿ ಯಾವ ಪಾತ್ರವೂ ಇಲ್ಲದ ಗ್ರಾಹಕರು ತಮ್ಮ ಜಾಲತಾಣಗಳಿಗೆ ಪರಿಷ್ಕರಣೆ ಬಾರದೆ ಪರದಾಡಿದರು. ಅಕ್ಟೋಬರ್‌ನಲ್ಲಿ ಅದೇ ಕಂಪನಿಯ ಜನಪ್ರಿಯ ಪ್ಲಗಿನ್ ಒಂದರ ಜಾಗವನ್ನು ಅಲ್ಲಿ ಬೇರೆ ಹೆಸರಿನ ಕವಲು ಆವೃತ್ತಿ ಆಕ್ರಮಿಸಿತು. ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟು ಪ್ರವೇಶವನ್ನು ಮರಳಿ ಕೊಡಿಸಿತು.

ಮುಕ್ತ ತಂತ್ರಾಂಶದಿಂದ ಲಾಭ ಮಾಡುವವರು ಅದಕ್ಕೆ ಮರಳಿ ಏನಾದರೂ ಕೊಡಬೇಕು ಎಂಬ ಮುಲ್ಲೆನ್‌ವೆಗ್ ಅವರ ವಾದದಲ್ಲಿ ನ್ಯಾಯವಿದೆ ಎಂದು ನಾನು ನಂಬುತ್ತೇನೆ. ವಾದ ನ್ಯಾಯವಾದದ್ದೆಂದ ಮಾತ್ರಕ್ಕೆ ಸರ್ವರ್‌ನ ಬೀಗದಕೈಯನ್ನು ಅದಕ್ಕೆ ಬಳಸಿದ್ದು ಸರಿಯಾಗುವುದಿಲ್ಲ. ಆ ದಿನಗಳಲ್ಲಿ ನಾಯಕತ್ವದ ಹಾದಿಯನ್ನು ಒಪ್ಪದವರಿಗೆ ಪರಿಹಾರ ಕೊಟ್ಟು ಹೊರಹೋಗುವ ಅವಕಾಶ ನೀಡಿದಾಗ 159 ನೌಕರರು ಕಂಪನಿ ಬಿಟ್ಟರು; 2025ರ ಏಪ್ರಿಲ್‌ನಲ್ಲಿ ಸುಮಾರು ಶೇ 16ರಷ್ಟು ನೌಕರರನ್ನು ಕಂಪನಿಯೇ ಕೈಬಿಟ್ಟಿತು. ಪಾಡ್‌ಕಾಸ್ಟ್ ಆ್ಯಪ್‌ನ ವಿಮರ್ಶೆಗೂ ಇದಕ್ಕೂ ಏನು ಸಂಬಂಧ ಎಂದರೆ, ಚಂದಾ ಕೊಡುವವರು ನಂಬುವುದು ಕೋಡ್ ಅನ್ನಷ್ಟೇ ಅಲ್ಲ, ಸರ್ವರ್ ನಡೆಸುವ ಕಂಪನಿಯ ಮನಸ್ಥಿತಿಯನ್ನೂ ಅದರ ಹಣಕಾಸಿನ ಸ್ಥಿತಿಯನ್ನೂ ನಂಬಬೇಕಾಗುತ್ತದೆ.

ಈ ಕಂಪನಿ ಕೊಂಡ ಬೇರೆ ಆ್ಯಪ್‌ಗಳನ್ನೂ ಒಮ್ಮೆ ಪಕ್ಕದಲ್ಲಿಟ್ಟು ನೋಡಿದೆ. ಟಿಪ್ಪಣಿ ಬರೆಯುವ ಸಿಂಪಲ್‌ನೋಟ್ 2013ರಲ್ಲಿ ಇವರ ಕೈಗೆ ಬಂತು, 2016ರಲ್ಲಿ ಅದರ ಆ್ಯಪ್‌ಗಳ ಕೋಡ್ ಮುಕ್ತವಾಯಿತು. ಪಾಕೆಟ್ ಕಾಸ್ಟ್ಸ್‌ನದೂ ಅದೇ ದಾರಿ: ಆ್ಯಪ್ ತೆರೆದಿದೆ, ಸರ್ವರ್ ಮುಚ್ಚಿದೆ. ಪಾಕೆಟ್ ಕಾಸ್ಟ್ಸ್‌ಗಿಂತ ಒಂದು ತಿಂಗಳು ಮೊದಲು ಕೊಂಡ ಡೇ ಒನ್ ಎಂಬ ದಿನಚರಿ ಆ್ಯಪ್ ಮುಚ್ಚಿದ ಕೋಡ್ ಆಗಿಯೇ ಉಳಿದಿದೆ. 2024ರಲ್ಲಿ 12.5 ಕೋಟಿ ಡಾಲರ್ ಕೊಟ್ಟು ಕೊಂಡ ಬೀಪರ್ ಎಂಬ ಸಂದೇಶದ ಆ್ಯಪ್‌ನಲ್ಲಿ ವಾಟ್ಸ್‌ಆ್ಯಪ್, ಸಿಗ್ನಲ್ ಮುಂತಾದವನ್ನು ಒಂದೆಡೆಗೆ ಸೇರಿಸುವ ಸೇತುವೆಗಳ ಕೋಡ್ ಮುಕ್ತವಾಗಿದೆ, ಆ್ಯಪ್ ಮುಕ್ತವಾಗಿಲ್ಲ. ಹೀಗಿರುವಾಗ ಈ ಕಂಪನಿ ಕೊಂಡದ್ದೆಲ್ಲ ಒಂದಲ್ಲ ಒಂದು ದಿನ ಮುಕ್ತವಾಗುತ್ತದೆ ಎಂದು ನಂಬಿ ಕೂರಲಾಗದು. ಯಾವುದು ತೆರೆಯಿತೋ ಅದಕ್ಕೆ ಮೆಚ್ಚುಗೆ ಸಲ್ಲಬೇಕು, ತೆರೆಯದಿರುವುದನ್ನು ಲೆಕ್ಕಕ್ಕೆ ಹಿಡಿಯಬಾರದು.

ಮೊಜಿಲ್ಲಾ ಕೊಂಡ ಪಾಕೆಟ್‌ನ ಕಥೆ ಈ ಮಾತಿಗೆ ಬಲವಾದ ಸಾಕ್ಷಿ. ಹೆಸರು ಹತ್ತಿರವಿದ್ದರೂ ಅದಕ್ಕೂ ಪಾಕೆಟ್ ಕಾಸ್ಟ್ಸ್‌ಗೂ ಸಂಬಂಧವಿಲ್ಲ. ಅದು ಲೇಖನಗಳನ್ನು ಆಮೇಲೆ ಓದಲು ಎತ್ತಿಟ್ಟುಕೊಳ್ಳುವ ಸೇವೆ. 2017ರ ಫೆಬ್ರವರಿಯಲ್ಲಿ ಅದನ್ನು ಕೊಂಡಾಗ, ಇದು ತನ್ನ ಓಪನ್ ಸೋರ್ಸ್ ಯೋಜನೆಯ ಭಾಗವಾಗುತ್ತದೆ ಎಂದು ಮೊಜಿಲ್ಲಾ ಹೇಳಿತ್ತು. ಫೈರ್‌ಫಾಕ್ಸ್‌ನಂಥ ಮುಕ್ತ ಬ್ರೌಸರ್ ಕಟ್ಟಿದ, ಈಗ ಪಾಕೆಟ್ ಕಾಸ್ಟ್ಸ್ ಬಳಸುತ್ತಿರುವ ಲೈಸೆನ್ಸ್ ಅನ್ನೇ ಬರೆದ ಸಂಸ್ಥೆ ಅದು. ಅದರ ಮಾತಿಗೆ ತೂಕ ಹೆಚ್ಚು. ಕೋಡ್‌ನ ತುಣುಕುಗಳು ನಿಧಾನವಾಗಿ ಹೊರಬಂದವಾದರೂ, ಬಳಕೆದಾರರು ಎತ್ತಿಕೊಂಡು ಹೋಗಿ ತಾವೇ ನಡೆಸಬಹುದಾದಂಥ ಸೇವೆಯಾಗಿ ಅದು ಕೈಗೆ ಬರಲಿಲ್ಲ. 2025ರ ಮೇ ತಿಂಗಳಲ್ಲಿ ಮುಚ್ಚುವ ಪ್ರಕಟಣೆ ಬಂತು, ಜುಲೈ 8ಕ್ಕೆ ಸೇವೆ ನಿಂತೇ ಹೋಯಿತು. ವರ್ಷಗಟ್ಟಲೆ ಎತ್ತಿಟ್ಟ ಲೇಖನಗಳಿಂದ ಓದುಗರು ಇಳಿಸಿಕೊಳ್ಳಲು ಸಾಧ್ಯವಾದದ್ದು ಕೊಂಡಿಗಳ ಪಟ್ಟಿಯಂಥ ಒಂದು ಕಡತವನ್ನು. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿದಾಗ ಯಾರಿಗೂ ಅಷ್ಟು ನೋವಾಗಲಿಲ್ಲ, ಗೂಗಲ್ ಹೀಗೆ ಮಾಡುವುದು ಎಲ್ಲರಿಗೂ ರೂಢಿಯಾಗಿದೆ. ಮೊಜಿಲ್ಲಾದ ಮೇಲೆ ನಂಬಿಕೆಯಿತ್ತು, ಆದ್ದರಿಂದ ಪಾಕೆಟ್ ಹೋದಾಗ ನಮ್ಮಂಥವರಿಗೆ ಹೆಚ್ಚು ನೋವಾಯಿತು.

ಪಾಡ್‌ಕಾಸ್ಟ್ ಕೇಳುಗರಿಗೆ ಒಂದು ಅದೃಷ್ಟವಿದೆ. ಈ ಮಾಧ್ಯಮದ ಬುಡವೇ ಆರ್‌ಎಸ್‌ಎಸ್ ಎಂಬ ಮುಕ್ತ ಫೀಡ್, ಅಂದರೆ ಕಾರ್ಯಕ್ರಮದ ಸಂಚಿಕೆಗಳ ವಿವರ ಇರುವ ಕಡತ. ಕಾರ್ಯಕ್ರಮ ಮಾಡುವವರು ತಮ್ಮ ಫೀಡ್‌ನ ವಿಳಾಸವನ್ನು ಪ್ರಕಟಿಸುತ್ತಾರೆ, ಯಾವ ಆ್ಯಪ್ ಬೇಕಾದರೂ ಅದನ್ನು ಓದಬಹುದು. ಪಾಕೆಟ್ ಕಾಸ್ಟ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಆಮದು ಮತ್ತು ರಫ್ತಿನ ವಿಭಾಗಕ್ಕೆ ಹೋಗಿ ರಫ್ತು ಮಾಡಿದರೆ ಒಪಿಎಂಎಲ್ ಎಂಬ ಬಗೆಯ ಒಂದು ಪುಟ್ಟ ಕಡತ ಸಿಗುತ್ತದೆ. ಅದನ್ನು ನೋಟ್‌ಪ್ಯಾಡ್‌ನಂಥ ಯಾವುದೇ ಸಾದಾ ಬರಹದ ಆ್ಯಪ್‌ನಲ್ಲಿ ತೆರೆದು ನೋಡಿ. ನೀವು ಹಿಂಬಾಲಿಸುತ್ತಿರುವ ಒಂದೊಂದು ಕಾರ್ಯಕ್ರಮಕ್ಕೂ ಒಂದೊಂದು ಸಾಲು ಇರುತ್ತದೆ. ಮೊದಲು ಹೆಸರು, 'ತಲೆ-ಹರಟೆ'ಯಂಥ ಕನ್ನಡ ಪಾಡ್‌ಕಾಸ್ಟ್ ಆದರೂ ಸರಿ, ಬಿಬಿಸಿಯ ಕಾರ್ಯಕ್ರಮ ಆದರೂ ಸರಿ, ಆಮೇಲೆ ಅದರ ಫೀಡ್‌ನ ವಿಳಾಸ. ಇದನ್ನು ಬೇರೆ ಯಾವ ಪಾಡ್‌ಕಾಸ್ಟ್ ಆ್ಯಪ್‌ಗೆ ಕೊಟ್ಟರೂ ನಿಮ್ಮ ಕಾರ್ಯಕ್ರಮಗಳೆಲ್ಲ ಅಲ್ಲಿ ಬಂದು ಕೂರುತ್ತವೆ. ಮೂರು ಒಡೆತನಗಳ ನಡುವೆ ಪಾಕೆಟ್ ಕಾಸ್ಟ್ಸ್ ಕೇಳುಗರು ನಿರಾತಂಕವಾಗಿ ಇರಲು ಸಾಧ್ಯವಾದದ್ದು ಬಹುಮಟ್ಟಿಗೆ ಇದರಿಂದಲೇ ಎಂದು ನನಗನ್ನಿಸುತ್ತದೆ. ಆದರೆ ಆ ಕಡತದಲ್ಲಿ ಇಲ್ಲದ್ದನ್ನೂ ಗಮನಿಸಬೇಕು: ನೀವು ಕೇಳಿ ಮುಗಿಸಿದ ಸಂಚಿಕೆಗಳ ಇತಿಹಾಸ ಅದರಲ್ಲಿಲ್ಲ, ನಿಲ್ಲಿಸಿದ ಜಾಗಗಳಿಲ್ಲ, ಹಾಕಿಕೊಂಡ ಗುರುತುಗಳಿಲ್ಲ, ಅಪ್ ನೆಕ್ಸ್ಟ್ ಸರದಿಯೂ ಇಲ್ಲ. ಬೇರೆ ಕಡೆಗೆ ಹೊರಟವರು ಅವನ್ನೆಲ್ಲ ಹಿಂದೆ ಬಿಟ್ಟು ಹೋಗಬೇಕಾಗುತ್ತದೆ.

ಇತ್ತೀಚಿನ ಎರಡು ಬದಲಾವಣೆಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. 2025ರ ಮಾರ್ಚ್‌ನಲ್ಲಿ, ಅಷ್ಟರವರೆಗೆ ಹಣ ಕೊಟ್ಟವರಿಗೆ ಮಾತ್ರ ಸಿಗುತ್ತಿದ್ದ ಬ್ರೌಸರ್ ಆವೃತ್ತಿಯನ್ನು ಎಲ್ಲರಿಗೂ ಉಚಿತವಾಗಿ ತೆರೆದರು. ಪಾಡ್‌ಕಾಸ್ಟ್ ಯಾವ ಕಂಪನಿಯ ಗೋಡೆಯ ಒಳಗೂ ಸೇರಬಾರದು ಎಂಬ ಮಾತಿಗೆ ತಕ್ಕ ನಡೆ ಇದು, ಕಚೇರಿಯ ಕಂಪ್ಯೂಟರಿನಲ್ಲಿ ಕೇಳುವವರಿಗೆ ನಿಜವಾದ ಉಪಕಾರ. ಅದೇ ವರ್ಷ ಉಚಿತ ಆವೃತ್ತಿಯಲ್ಲಿ ಅಡ್ಡಪಟ್ಟಿಯಂಥ (ಬ್ಯಾನರ್) ಜಾಹೀರಾತುಗಳು ಕಾಣಿಸಿಕೊಂಡವು. ಅವು ಬೇಡವೆಂದರೆ ಪ್ಲಸ್ ಚಂದಾ ಕೊಡಬೇಕು, ಅದರ ದರ 2019ರಲ್ಲಿದ್ದುದರ ಸುಮಾರು ನಾಲ್ಕು ಪಟ್ಟಾಗಿದೆ. ಉಚಿತವಾಗಿ ಬಳಸುವವರಿಂದ ಖರ್ಚಿನ ಒಂದು ಪಾಲನ್ನು ಜಾಹೀರಾತಿನ ಮೂಲಕ ಹುಟ್ಟಿಸುವುದನ್ನು ನಾನು ಆಕ್ಷೇಪಿಸುವುದಿಲ್ಲ, ಸರ್ವರ್ ಪುಕ್ಕಟೆ ನಡೆಯುವುದಿಲ್ಲ. ಆದರೆ ಮೊದಲ ಒಡೆಯರ ಕಾಲದಲ್ಲಿ ಆ್ಯಪ್‌ಗೆ ಒಮ್ಮೆಗೇ ಪೂರ್ತಿ ಬೆಲೆ ತೆತ್ತವರಿಗೂ ಜಾಹೀರಾತು ತೋರಿಸಿದ್ದು ನ್ಯಾಯವಲ್ಲ. ಖರೀದಿಸಿದ ಕಂಪನಿ ಆಸ್ತಿಯ ಜೊತೆಗೆ ಹಳೆಯ ಮಾತುಗಳ ಹೊಣೆಯನ್ನೂ ಹೊರಬೇಕು. ಮುಕ್ತ ಕೋಡ್‌ನ ಪ್ರಯೋಜನ ಇಲ್ಲಿ ಕಣ್ಣಿಗೆ ಕಾಣುತ್ತದೆ. ಆಂಡ್ರಾಯ್ಡ್ ಆ್ಯಪ್ ಕಟ್ಟಲು ಬಲ್ಲವರು ಗಿಟ್‌ಹಬ್‌ನಿಂದ ಕೋಡ್ ಇಳಿಸಿಕೊಂಡು, ಜಾಹೀರಾತಿನ ಭಾಗವನ್ನು ತೆಗೆದು, ತಮ್ಮ ಫೋನಿಗೆ ತಾವೇ ಕಟ್ಟಿಕೊಳ್ಳಬಹುದು, ಲೈಸೆನ್ಸ್ ಅದಕ್ಕೆ ಅನುಮತಿ ಕೊಟ್ಟಿದೆ. ಎಲ್ಲರಿಗೂ ಸಾಧ್ಯವಾಗುವ ಕೆಲಸವಲ್ಲ ಇದು. ಆದರೂ ಕೆಲವರಿಗೆ ಸಾಧ್ಯ ಎನ್ನುವುದೇ ಕಂಪನಿಯ ಕೈಯನ್ನು ಸ್ವಲ್ಪ ತಡೆದು ಹಿಡಿಯುತ್ತದೆ.

ಒಡೆತನದ ಗೊಡವೆಯೇ ಬೇಡ ಎನ್ನುವವರಿಗೆ ಆಂಟೆನಾಪಾಡ್ ಇದೆ. 2012ರಿಂದ ಸ್ವಯಂಸೇವಕರು ನಡೆಸುತ್ತಿರುವ, ಜಿಪಿಎಲ್ ಅಡಿಯ ಆಂಡ್ರಾಯ್ಡ್ ಆ್ಯಪ್ ಅದು. ಖಾತೆ ಬೇಕಿಲ್ಲ, ಜಾಹೀರಾತಿಲ್ಲ. ಫೀಡ್‌ಗಳನ್ನು ಫೋನೇ ನೇರವಾಗಿ ಹೋಗಿ ನೋಡಿಕೊಂಡು ಬರುತ್ತದೆ. ಐಫೋನ್‌ಗೆ ಅದು ಸಿಗುವುದಿಲ್ಲ, ಕಂಪ್ಯೂಟರ್ ಮತ್ತು ಫೋನ್ ನಡುವೆ ನಿಲ್ಲಿಸಿದ ಜಾಗ ಹೊಂದಿಸುವ ಕೆಲಸಕ್ಕೆ ಬೇರೆ ಸೇವೆಯೊಂದನ್ನು ನೀವೇ ಜೋಡಿಸಿಕೊಳ್ಳಬೇಕು. ಒಂದೇ ಆಂಡ್ರಾಯ್ಡ್ ಫೋನಿನಲ್ಲಿ ಕೇಳುವವರಿಗೆ ನಾನು ಅದನ್ನೇ ಮೊದಲು ಸೂಚಿಸುತ್ತೇನೆ. ಫೋನ್, ಕಂಪ್ಯೂಟರ್, ಕಾರು ಎಂದು ಹಲವು ಕಡೆ ಕೇಳುವವರಿಗೆ ಪಾಕೆಟ್ ಕಾಸ್ಟ್ಸ್‌ನಷ್ಟು ಒಪ್ಪವಾಗಿ ಕೆಲಸ ಮಾಡುವ ಇನ್ನೊಂದು ಆ್ಯಪ್ ಹೆಸರಿಸುವುದು ಕಷ್ಟ, ಅದರ ಜೊತೆಗೆ ಮುಕ್ತ ಕೋಡ್ ಕೂಡ ಬೇಕೆಂದರೆ ಆಯ್ಕೆ ಇನ್ನೂ ಕಿರಿದಾಗುತ್ತದೆ.

ಹಾಗಾಗಿ ಹೊಸಬರಿಗೆ ನನ್ನ ಶಿಫಾರಸು ಹೀಗಿದೆ. ಉಚಿತ ಆವೃತ್ತಿಯಿಂದ ಶುರು ಮಾಡಿ. ಸ್ವಂತ ಧ್ವನಿಕಡತಗಳನ್ನು ಏರಿಸುವ ಅಗತ್ಯವಿದ್ದರೆ, ಅಥವಾ ಜಾಹೀರಾತು ತೀರಾ ಕಿರಿಕಿರಿ ಎನ್ನಿಸಿದರೆ ಪ್ಲಸ್ ತೆಗೆದುಕೊಳ್ಳಿ, ಒಂದು ಸಲಕ್ಕೆ ಒಂದು ವರ್ಷಕ್ಕಷ್ಟೇ. ಏರಿಸಿದ ಕಡತಗಳ ಮೂಲಪ್ರತಿ ಮನೆಯ ಹಾರ್ಡ್ ಡಿಸ್ಕ್‌ನಲ್ಲಿರಲಿ. ಹೊಸ ಕಾರ್ಯಕ್ರಮಗಳನ್ನು ಸೇರಿಸಿದಾಗಲೆಲ್ಲ ಒಪಿಎಂಎಲ್ ಕಡತವನ್ನು ಮತ್ತೊಮ್ಮೆ ಇಳಿಸಿ ಇಮೇಲ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಆಟೊಮ್ಯಾಟಿಕ್‌ನಿಂದ ನಾನು ಕೇಳುವುದು ಎರಡೇ: ಕೇಳಿದ ಇತಿಹಾಸವನ್ನೂ ಗುರುತುಗಳನ್ನೂ ರಫ್ತಿನ ಕಡತದೊಳಗೆ ಸೇರಿಸಲಿ, ಮತ್ತು ಸಾಧನಗಳ ನಡುವೆ ಜಾಗ ಹೊಂದಿಸುವ ಸರ್ವರ್‌ನ ಭಾಗವನ್ನಾದರೂ ಆ್ಯಪ್‌ಗೆ ಕೊಟ್ಟ ಅದೇ ಲೈಸೆನ್ಸ್‌ನ ಅಡಿ ಪ್ರಕಟಿಸಲಿ. ಮೊದಲನೆಯದಕ್ಕೆ ದೊಡ್ಡ ಖರ್ಚಿಲ್ಲ. ಎರಡನೆಯದನ್ನು ಮಾಡಿದ ದಿನ ವರ್ಷ ವರ್ಷವೂ ನಿಶ್ಚಿಂತೆಯಿಂದ ಚಂದಾ ಮುಂದುವರಿಸಿ ಎಂದು ಎಲ್ಲರಿಗೂ ಹೇಳಲು ನನಗೆ ಹಿಂಜರಿಕೆ ಇರುವುದಿಲ್ಲ.